ಬೇಸ್ ಗಿಟಾರಿನ ತಂತಿ ಏರಿಸಿದ್ದು ನಾನೇ

ನಾಗರಾಜಣ್ಣ, ನಿಮ್ಮ ಬೆರಳಿಗೆ ಏನೂ ಆಗಿರಲಿಲ್ಲ. ಬೇಸ್ ಗಿಟಾರಿನ ತಂತಿಗಳನ್ನು ಏರಿಸಿದ್ದು ನಾನು — ನಿಮಗೆ ತಿಳಿಯದಂತೆ, ಬೇಕೆಂದೇ.

ಶಿಡ್ಲಘಟ್ಟದ ನಮ್ಮ ಆರ್ಕೆಸ್ಟ್ರಾದಲ್ಲಿ ನೀವು ಬೇಸ್ ನುಡಿಸುತ್ತಿದ್ದಿರಿ, ನಾನು ಕೀಬೋರ್ಡ್. ಮದುವೆಯ ಆರತಕ್ಷತೆ, ಗಣೇಶನ ಪೆಂಡಾಲು — ಚಿಂತಾಮಣಿ, ಗೌರಿಬಿದನೂರು, ಎಲ್ಲಿ ಕರೆದರೂ ಹೋಗುತ್ತಿದ್ದೆವು. ಗಿಟಾರು ತಂಡದ್ದು, ಇರುತ್ತಿದ್ದುದು ನಮ್ಮ ಮನೆಯಲ್ಲಿ. ಹಗಲೆಲ್ಲ ನಿಮಗೆ ರೇಷ್ಮೆ ನೂಲು ತೆಗೆಯುವ ಕೆಲಸ. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳ ತುದಿ ನೆನೆದ ಅವಲಕ್ಕಿಯಂತಾಗಿರುತ್ತಿತ್ತು. ಅಂಥ ಬೆರಳಲ್ಲಿ ನುಡಿಸಿದರೂ ಮುಂದಿನ ಸಾಲಿನ ಅಜ್ಜಿಯರ ಕಾಲು ತಾಳ ಹಾಕುತ್ತಿತ್ತು. ಕೀಬೋರ್ಡಿನ ಹಿಂದೆ ನಿಂತ ನನ್ನನ್ನು ಯಾರೂ ನೋಡುತ್ತಿರಲಿಲ್ಲ.

ನನಗೆ ಚಿಕ್ಕಂದಿನಿಂದ ಒಂದು ಚಟ — ಸ್ಕ್ರೂ ಕಂಡರೆ ತಿರುಗಿಸಬೇಕು. ಮನೆಯ ರೇಡಿಯೊ, ಮಿಕ್ಸಿ ಯಾವುದೂ ನನ್ನ ಕೈಯಿಂದ ಪಾರಾಗಿಲ್ಲ. ಗಿಟಾರಿನ ಬುಡದಲ್ಲಿ ತಂತಿಗಳನ್ನು ಹೊರುವ ಲೋಹದ ಪಟ್ಟಿ, ಬ್ರಿಜ್. ಅದರ ಮೇಲೆ ಒಂದೊಂದು ತಂತಿಗೂ ಒಂದು ಪುಟ್ಟ ಕುದುರೆ. ಕುದುರೆಗೆ ಎರಡು ಕಾಲು, ಅವೇ ಸ್ಕ್ರೂ. ಒಂದು ದಿನ ಸಣ್ಣ ಅಲೆನ್ ಕೀ ಹಾಕಿ ತಿರುಗಿಸಿದೆ. ಕುದುರೆ ಎದ್ದಿತು, ತಂತಿ ಮೇಲೇರಿತು, ನಾದ ದುಂಡಗಾಯಿತು. ಒತ್ತಲು ಮಾತ್ರ ಮೊದಲಿಗಿಂತ ಹೆಚ್ಚು ಬಲ ಬೇಕಾಯಿತು. ಆಗಲೇ ತಲೆಗೆ ಹುಳ ಹೊಕ್ಕಿತು — ಎಷ್ಟು ಏರಿಸಿದರೆ ನಾಗರಾಜಣ್ಣನಿಗೆ ಗೊತ್ತಾಗುತ್ತದೆ?

ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಒಂದಿಷ್ಟು ಏರಿಸಿದೆ. ನುಡಿಸುವಾಗ ನಿಮ್ಮ ಮುಖವನ್ನೇ ನೋಡುತ್ತಿದ್ದೆ. ತಂತಿಯ ಎತ್ತರ ಹೆಚ್ಚುಕಮ್ಮಿ ಮಾಡಬಹುದೆಂದು ನಮ್ಮ ತಂಡದಲ್ಲಿ ಯಾರಿಗೆ ಗೊತ್ತಿತ್ತು? ನೀವು ಅನುಮಾನಿಸಿದ್ದು ನಿಮ್ಮ ಕೈಯನ್ನೇ. ನೋವೆಂದಿರಿ, ಬೆರಳಿಗೆ ಬಟ್ಟೆ ಸುತ್ತಿಕೊಂಡಿರಿ. ಆಗ ಹೇಳಬಹುದಿತ್ತು. ಬೈಯುತ್ತೀರೆಂಬ ಭಯ... ಇಲ್ಲ, ಅಷ್ಟೇ ಅಲ್ಲ. ನಾನು ಮನೆಯಲ್ಲಿ ಕದ್ದು ಬೇಸ್ ಕಲಿಯುತ್ತಿದ್ದೆ. ನಿಮ್ಮ ಜಾಗದ ಮೇಲೆ ನನ್ನ ಕಣ್ಣು ಬಿದ್ದಿತ್ತು.

ಆಯುಧಪೂಜೆಯ ದಿನ ವಾದ್ಯಗಳನ್ನೆಲ್ಲ ಸಾಲಾಗಿ ಇಟ್ಟಿದ್ದೆವು. ನೀವು ಬ್ರಿಜ್‌ಗೆ ಕುಂಕುಮ ಹಚ್ಚಿ, ಗಿಟಾರನ್ನು ಎತ್ತಿ ನನ್ನ ಕೈಗಿಟ್ಟಿರಿ.

"ನನ್ ಬೆರಳು ನೂಲಿಗೇ ಸರಿ ಕಣಪ್ಪ. ಇನ್ಮೇಲೆ ಇದನ್ನ ನೀನೇ ನೋಡ್ಕೊ."

ನೋಡಿಕೊಂಡೆ. ಅವತ್ತು ಸಂಜೆಯೇ ಕುದುರೆಗಳನ್ನು ಮೊದಲಿನಷ್ಟಕ್ಕೆ ಇಳಿಸಿದೆ — ನನ್ನ ಬೆರಳು ನೋಯದಿರಲೆಂದು. ಬರೆಯಲು ನಾಚಿಕೆಯಾಗುತ್ತದೆ, ಅಣ್ಣ.

ತಂಡ ಯಾವತ್ತೋ ಚದುರಿತು, ಗಿಟಾರು ನನ್ನಲ್ಲೇ ಉಳಿಯಿತು. ಹೋದ ವಾರ ಮೊಮ್ಮಗಳ ನಾಮಕರಣಕ್ಕೆ ಕರೆಯಲು ನೀವು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದಿರಿ. ಮೂಲೆಯಲ್ಲಿದ್ದ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದು ತಂತಿ ಒತ್ತಿದಿರಿ. ಮತ್ತೊಮ್ಮೆ ಒತ್ತಿದಿರಿ.

"ನೋವೇ ಆಗ್ತಿಲ್ವಲ್ಲೋ. ಇದು ಅದೇ ಗಿಟಾರೇನಪ್ಪ?"

"ಅಲ್ಲಣ್ಣ, ಇದು ಬೇರೆ" ಎಂದುಬಿಟ್ಟೆ.

ನೀವು ಬ್ರಿಜ್ ಕಡೆ ನೋಡಿದಿರಿ. ಸ್ಕ್ರೂ ಸಂದಿಯಲ್ಲಿ ನೀವಿಟ್ಟ ಕುಂಕುಮ ಇನ್ನೂ ಕೂತಿದೆ, ಎಷ್ಟು ಒರೆಸಿದರೂ ಹೋಗಿಲ್ಲ. ಅದು ನಿಮ್ಮ ಕಣ್ಣಿಗೆ ಬಿತ್ತೋ ಇಲ್ಲವೋ — ಅವತ್ತಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. ನೀವು ಗಿಟಾರನ್ನು ಗೋಡೆಗೆ ಒರಗಿಸಿ, ಕಾಫಿ ಕುಡಿದು, ತಪ್ಪದೆ ಬರಬೇಕೆಂದು ಹೇಳಿ ಹೊರಟಿರಿ.

ನಾಮಕರಣದವರೆಗೆ ಕಾಯುವುದಿಲ್ಲ. ನಾಳೆ ಬೆಳಿಗ್ಗೆ ಗಿಟಾರು, ಆ ಅಲೆನ್ ಕೀ ಎರಡನ್ನೂ ಹಿಡಿದು ನಿಮ್ಮ ಬಾಗಿಲಿಗೆ ಬರುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ನಿಮ್ಮ ಮುಖ ನೋಡಿ ಹೇಳುತ್ತೇನೆ. ನನ್ನನ್ನು ಒಳಗೆ ಕರೆಯುವುದು ಬಿಡುವುದು ನಿಮಗೆ ಸೇರಿದ್ದು. ಗಿಟಾರನ್ನು ಮಾತ್ರ ಒಳಗೆ ತೆಗೆದುಕೊಳ್ಳಿ ಅಣ್ಣ, ಅದು ಅದೇ ಗಿಟಾರು.