ಮಡ್‌ಗಾರ್ಡ್ ಹಾಕಿದ ಮರುದಿನ

ನಮ್ಮ ಕಾರಿಗೆ ಮಡ್‌ಗಾರ್ಡ್ ಬೇಕೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ಗಂಡನಿಗೆ. ಬಾಣಂತನ ಮುಗಿಸಿದ ಮಗಳನ್ನೂ ಮೊಮ್ಮಗನನ್ನೂ ಮರ್ಕಂಜದ ಅಳಿಯನ ಮನೆಗೆ ಬಿಟ್ಟುಬರುವ ದಿನ ನಿಶ್ಚಯವಾಗಿತ್ತು. ನಮ್ಮ ಮನೆಯಿಂದ ಬೆಳ್ಳಾರೆಗೆ ಹೋಗುವ ರಸ್ತೆಯನ್ನು ನೀರಿನ ಪೈಪಿಗೆಂದು ಅಗೆದು ಹಾಕಿದ್ದರು. ಬಿಳಿ ಕಾರು ಪೇಟೆ ಮುಟ್ಟುವಷ್ಟರಲ್ಲಿ ಸೊಂಟದವರೆಗೆ ಕೆಂಪಾಗುತ್ತಿತ್ತು. "ಬೀಗರ ಅಂಗಳಕ್ಕೆ ಕೆಸರಿಂದ ಎದ್ದು ಬಂದ ಎಮ್ಮೆಯ ಹಾಗೆ ಹೋಗುದಾ?" ಎಂದರು ಇವರು.

ಪುತ್ತೂರಿನಿಂದ ಮಡ್‌ಗಾರ್ಡ್ ಬಂತು. ಚಕ್ರದ ಹಿಂದೆ ನೇತಾಡಿಕೊಂಡು ಕೆಸರು ಹಾರದಂತೆ ತಡೆಯುವ ಕಪ್ಪು ಹಾಳೆಗಳು, ಜೊತೆಗೆ ಸಣ್ಣ ಲಕೋಟೆಯಲ್ಲಿ ಗಿಡ್ಡ ಸ್ಕ್ರೂಗಳು. ಅಂಗಡಿಯವನು ತಾನೇ ಹಾಕಿಕೊಡುತ್ತೇನೆ ಎಂದರೂ ಇವರು ಒಪ್ಪಲಿಲ್ಲವಂತೆ. ಪಂಪು, ಮಿಕ್ಸಿ, ತೋಟಕ್ಕೆ ಮದ್ದು ಬಿಡುವ ಯಂತ್ರ, ಎಲ್ಲವನ್ನೂ ತಾವೇ ಬಿಚ್ಚಿ, ಅರ್ಧ ಸರಿಮಾಡಿ, ಉಳಿದರ್ಧಕ್ಕೆ ಬೇರೆಯವರನ್ನು ಕರೆಯುವುದು ಇವರ ಕ್ರಮ.

ಭಾನುವಾರ ಇವರು ಕಾರಿನ ಹಿಂದೆ ಗೋಣಿ ಹಾಸಿ ಮಲಗಿದರು. ನಾನು ಟಾರ್ಚು ಹಿಡಿದು ಪಕ್ಕದಲ್ಲಿ ಕುಕ್ಕರಿಸಿದೆ. ಲಕೋಟೆ ಬಿಡಿಸಿ ನೋಡಿದವರೇ ನಕ್ಕರು. "ಇದೆಂತ, ಗೊಂಬೆಗೆ ಹಾಕುದಾ?"

ಅಡಿಕೆ ಒಣಗಿಸುವ ಅಂಗಳಕ್ಕೆ ಮಳೆ ಬೀಳದಂತೆ ಶೀಟಿನ ಮಾಡು ಹಾಕದ ಮನೆ ನಮ್ಮ ಕಡೆ ಈಗ ಕಡಿಮೆ. ಮಾಡು ಹಾಕಿದ ಮನೆಯಲ್ಲೆಲ್ಲ ಉಳಿದ ಸ್ಕ್ರೂಗಳ ಒಂದು ಡಬ್ಬಿ ಇದ್ದೇ ಇರುತ್ತದೆ. ಬೆರಳುದ್ದದ, ಕಬ್ಬಿಣವನ್ನೇ ಕೊರೆದುಕೊಂಡು ಹೋಗುವ ಮೊನೆಯ ಸ್ಕ್ರೂಗಳು. ನಾಯಿಗೂಡಿನಿಂದ ದೇವರ ಕೋಣೆಯ ಬಾಗಿಲಿನವರೆಗೆ ಏನು ಸಡಿಲಾದರೂ ಅದೇ ಮದ್ದು. ಕಾರಿಗೂ ಅದೇ ಬಿತ್ತು. ಚಕ್ರದ ಕಡೆಯಿಂದ ತಿರುಪಲು ಕೈ ಹೋಗಲಿಲ್ಲವೆಂದು ಇವರು ಹಿಂದಿನಿಂದ ತಿರುಪಿದರು. ಮೊನೆಗಳು ಆಚೆಗೆ ಬಂದು ಟಯರಿನತ್ತ ಇಣುಕಿದವು.

"ಉದ್ದ ಆಯ್ತಲ್ಲ?" ಎಂದೆ.

"ಟಯರಿಗೂ ಅದಕ್ಕೂ ಎಷ್ಟು ಜಾಗ ಉಂಟು ನೋಡು ಮಾರಾಯ್ತಿ. ಬೆರಳು ಹೋಗ್ತದೆ." ಬೆರಳು ಹಾಕಿ ತೋರಿಸಿದರು. ನಿಜವಾಗಿಯೂ ಹೋಯಿತು. ಆಗ ಕಾರು ಖಾಲಿಯಿತ್ತು. ಅದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಕಾರು ತುಂಬಿತು. ಅಕ್ಕಿಯ ಮೂಟೆ, ತೆಂಗಿನಕಾಯಿ, ಬಾಳೆಗೊನೆ, ಬಾಣಂತಿ ಲೇಹ್ಯದ ಭರಣಿಗಳು, ಬಿಚ್ಚಿ ಕಟ್ಟಿದ ತೊಟ್ಟಿಲು. ಮುಂದಿನ ಸೀಟಿನಲ್ಲೂ ಪಾತ್ರೆಗಳೇ. ಹಿಂದೆ ಮಗಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಳು. ನನಗೆ ಜಾಗವಿರಲಿಲ್ಲ. ನಾಡಿದ್ದು ಬಸ್ಸಿನಲ್ಲಿ ಹೋಗುವುದೆಂದು ಮೊದಲೇ ಮಾತಾಗಿತ್ತು. ಗೇಟಿನ ಹತ್ತಿರ ಕಾರು ಮಣ್ಣಿನ ದಾರಿಗೆ ಇಳಿಯುವಾಗ ಎಡಗಡೆಯ ಹಿಂದಿನ ಚಕ್ರದಿಂದ ಚರ್ರೆಂದು ಶಬ್ದ ಬಂತು. ನಾನು ಕೂಗಲು ಬಾಯಿ ತೆರೆದೆ.

ಪಕ್ಕದಲ್ಲಿ ನಿಂತಿದ್ದ ಅತ್ತಿಗೆ, ಇವರ ಅಕ್ಕ, ನನ್ನ ಮಣಿಕಟ್ಟು ಹಿಡಿದರು. "ಹೊರಟವರನ್ನು ಹಿಂದಿನಿಂದ ಕರೀಬಾರ್ದು!"

ನಮ್ಮಲ್ಲಿ ಎಲ್ಲ ಮನೆಯಲ್ಲೂ ಹೀಗೆ ಹೇಳುತ್ತಾರೆ. ಆದರೆ ಅತ್ತಿಗೆ ಹೇಳುವುದು ಬೇರೆ. ವರ್ಷಗಳ ಹಿಂದೆ ಅವರ ಗಂಡ ಹೊರಟು ಗೇಟು ದಾಟಿದಾಗ, ಛತ್ರಿ ಮರೆತರೆಂದು ಅತ್ತಿಗೆಯೇ ಕೂಗಿ ಕರೆದಿದ್ದರು. ಭಾವ ತಿರುಗಿ ಬಂದು ಛತ್ರಿ ಹಿಡಿದುಕೊಂಡು ಹೋದರು. ಅದೇ ದಿನ ಜೀಪು ಮಗುಚಿ ಅವರು ತೀರಿಕೊಂಡರು. ಅಂದಿನಿಂದ ಅತ್ತಿಗೆ ನಮ್ಮಲ್ಲೇ ಇದ್ದಾರೆ. ಅವರೆದುರು ಅದನ್ನು ಮೂಢನಂಬಿಕೆ ಎನ್ನುವ ಗಂಡಸನ್ನು ನಾನು ಇನ್ನೂ ನೋಡಿಲ್ಲ. ನಾನು ಬಾಯಿ ಮುಚ್ಚಿದೆ.

ಕಾರು ಮರೆಯಾದ ಮೇಲೆ ಗೇಟಿನ ಹತ್ತಿರ ಹೋಗಿ ನೋಡಿದೆ. ಕೆಂಪು ಮಣ್ಣಿನ ಮೇಲೆ ಪೆನ್ಸಿಲ್ ಕೆತ್ತಿದ ಸಿಪ್ಪೆಯ ಹಾಗೆ ಕಪ್ಪು ಸುರುಳಿಗಳು ಬಿದ್ದಿದ್ದವು. ಕೈಗೆತ್ತಿಕೊಂಡೆ. ರಬ್ಬರು. ಭಾರಕ್ಕೆ ಕಾರು ಕುಸಿದಿದೆ, ಮೊನೆ ಟಯರನ್ನು ಮುಟ್ಟಿದೆ. ಮರ್ಕಂಜದವರೆಗೆ ತಿರುವುಗಳು, ಇಳಿಜಾರುಗಳು. ಪ್ರತಿಯೊಂದರಲ್ಲೂ ಅದು ಕೆತ್ತುತ್ತಲೇ ಹೋಗುತ್ತದೆ. ಟಯರು ಸಿಡಿದು ಕಾರು ರಸ್ತೆ ಬದಿಯ ನೀರಿನ ತೋಡಿಗೆ ಮಗುಚುವುದು, ಅಕ್ಕಿಮೂಟೆಯ ಅಡಿಯಲ್ಲಿ ಮಗು, ಎಲ್ಲವೂ ಕಣ್ಣೆದುರು ಬಂತು.

ಫೋನು ಹಿಂದಿನಿಂದಲ್ಲ, ಕಿವಿಯ ಹತ್ತಿರದಿಂದ ಕರೆಯುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಇವರಿಗೂ ಮಗಳಿಗೂ ಮಾಡಿದೆ. ಆ ದಾರಿಯಲ್ಲಿ ಸಿಗ್ನಲ್ ಇಲ್ಲ, ಸಿಗಲಿಲ್ಲ. ಹಾಲಿನ ಡಿಪೋಗೆ ಹೋಗುವ ಸ್ಕೂಟರ್ ತೆಗೆದೆ. "ಎಂತಕ್ಕೆ? ಎಲ್ಲಿಗೆ?" ಎಂದು ಹೊರಟವರನ್ನು ಕೇಳಬಾರದ ಪ್ರಶ್ನೆಯನ್ನೇ ಅತ್ತಿಗೆ ಕೇಳಿಬಿಟ್ಟರು. ವಿಷಯ ಹೇಳಿದೆ. ಅವರು ಗೇಟಿನವರೆಗೆ ನನ್ನ ಜೊತೆಗೇ ಓಡಿ ಬಂದರು. "ದಾಟಿ ಹೋಗಿ ಎದುರಿಂದ ನಿಲ್ಸು. ಹಿಂದಿನಿಂದ ಕೂಗ್ಬೇಡ, ನಿನ್ನ ಕಾಲಿಗೆ ಬೀಳ್ತೇನೆ" ಎಂದರು.

ನಾನು ಸ್ಕೂಟರಿನಲ್ಲಿ ಡಿಪೋ ಬಿಟ್ಟು ಹೆಚ್ಚು ದೂರ ಹೋದವಳಲ್ಲ. ಅಂದು ಪೈಪಿನ ಹೊಂಡಗಳನ್ನು ಹೇಗೆ ದಾಟಿದೆನೋ ಗೊತ್ತಿಲ್ಲ. ಸೀರೆಯೆಲ್ಲ ಕೆಸರಾಯಿತು. ಒಂದೊಂದು ತಿರುವಿಗೂ ಮೊದಲು ಕಣ್ಣು ಮುಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು, ಆಚೆಗೆ ಜನ ಗುಂಪುಕೂಡಿದ್ದರೆ ಎಂದು. ಬೆಳ್ಳಾರೆ ಪೇಟೆಯಲ್ಲಿ ಗುರುತಿನ ಅಂಗಡಿಯವರು "ಕಾರು ಈಗಷ್ಟೇ ಹೋಯ್ತು, ನೀವೆಂತ ಅಕ್ಕ ಹೀಗೆ?" ಎಂದರು. ನಿಲ್ಲದೆ ಹೋದೆ.

ಪೇಟೆ ದಾಟಿ ಸ್ವಲ್ಪ ದೂರದಲ್ಲಿ ಕಾರು ಕಂಡಿತು. ಮಗುವಿಗೆ ಕುಲುಕದಿರಲೆಂದು ಇವರು ನಿಧಾನ ಹೋಗುತ್ತಿದ್ದರು. ಎಡಗಡೆಯ ಮಡ್‌ಗಾರ್ಡ್ ಚಕ್ರದ ಜೊತೆ ನಡುಗುತ್ತಿತ್ತು. ಹಿಂದಿನ ಗಾಜಿನಲ್ಲಿ ಮಗಳ ತಲೆ ಕಾಣುತ್ತಿತ್ತು. ಮಗುವಿನ ಮೇಲೆ ಬಗ್ಗಿಕೊಂಡಿದ್ದಳು.

ಹೆಬ್ಬೆರಳು ಹಾರ್ನಿನ ಮೇಲೆಯೇ ಇತ್ತು. ಒತ್ತಲಾಗಲಿಲ್ಲ. ಹಾರ್ನ್ ಹಾಕಿದರೂ ಹಿಂದಿನಿಂದ ಕರೆದ ಹಾಗೆಯೇ ಅಲ್ಲವೇ? ಪದವಿ ಓದಿದ ಹೆಂಗಸು ನಾನು. ಪೇಪರಿನಲ್ಲಿ ಬರುವ ರಾಶಿಫಲ ನೋಡುವ ಇವರನ್ನು ತಮಾಷೆ ಮಾಡುವವಳು. ಆದರೆ ಆ ಹೊತ್ತಿಗೆ ನನಗೆ ಟಯರಿನಷ್ಟೇ ಹೆದರಿಕೆ ಹಾರ್ನಿನದ್ದೂ ಆಗಿತ್ತು. ಒತ್ತಿದರೆ ಮಗುವಿಗೆ ಏನಾದರೂ ಆದೀತು, ಒತ್ತದಿದ್ದರೆ ಈಗಲೇ ಆದೀತು. ಹಾಗೆಯೇ ಎರಡು ತಿರುವು ಅವರ ಹಿಂದೆ ಹೋದೆ.

ಕೊನೆಗೆ ದಾಟಿ ಹೋಗುವುದೆಂದು ಬಲಕ್ಕೆ ತೆಗೆದೆ. ತಿರುವಿನಿಂದ ಬಸ್ಸು ಬಂತು. ಅದರ ಬ್ರೇಕಿನ ಕಿರುಚಾಟ ಇನ್ನೂ ಕಿವಿಯಲ್ಲಿದೆ. ನಾನು ಎಡಕ್ಕೆ ಎಳೆದುಕೊಂಡು ಕಾರಿನ ಹಿಂದೆಯೇ ಸಿಕ್ಕಿಬಿದ್ದೆ. ಬಸ್ಸಿನವನು ಏನೇನೋ ಬೈದ. ಎದುರಿಗೆ ದೊಡ್ಡ ಇಳಿಜಾರು ಶುರುವಾಗುತ್ತಿತ್ತು. ಆಗ ದೇವರೇ ಎಂದು ಹಾರ್ನ್ ಒತ್ತಿದೆ. ಒತ್ತಿದ ಬೆರಳು ತೆಗೆಯಲಾಗಲಿಲ್ಲ. ಕಾರು ನಿಂತ ಮೇಲೂ ಹಾರ್ನ್ ಕೂಗುತ್ತಲೇ ಇತ್ತು.

ಇವರು ಇಳಿದು ಬಂದರು. "ನಿನಗೆಂತ ಮರ್ಲಾ, ತಲೆ ಸರಿ ಉಂಟಾ? ಮಗು ಏಳ್ತದೆ!" ನಾನು ಚಕ್ರದ ಕಡೆಗೆ ಕೈ ತೋರಿಸಿದೆ. ಬಗ್ಗಿ ನೋಡಿದರು. ಟಯರಿನ ಸುತ್ತಲೂ ಒಂದು ಗೆರೆ ಕೊರೆದು ಹೋಗಿತ್ತು. ಒಳಗಿನ ಬಿಳಿ ನೂಲು ಕಾಣುತ್ತಿತ್ತು. ಬೆರಳಿಟ್ಟು ನೋಡಿದವರು ಸುಟ್ಟ ಹಾಗೆ ಕೈ ಹಿಂದಕ್ಕೆಳೆದುಕೊಂಡರು. ಆಮೇಲೆ ರಸ್ತೆ ಬದಿಯಲ್ಲಿ ಕೂತುಬಿಟ್ಟರು. ಬೈಯಬೇಕೆಂದಿದ್ದೆ, ಬದಲಿಗೆ ಕಾರಿನ ಹಿಂದಿನ ಬಾಗಿಲು ತೆಗೆದೆ.

ಮಗಳನ್ನೂ ಮಗುವನ್ನೂ ಇಳಿಸಿ, ಮೂಟೆ ಇಳಿಸಿ, ಸ್ಟೆಪ್ನಿ ಹಾಕಿ, ಮಡ್‌ಗಾರ್ಡುಗಳನ್ನು ಕಿತ್ತು ಡಿಕ್ಕಿಗೆ ಎಸೆದರು. ಮಗು ಎಚ್ಚರವಾಗಿ ನನ್ನ ತೋಳಿನಲ್ಲಿ ಪಿಳಿಪಿಳಿ ನೋಡುತ್ತಿತ್ತು. ಅದನ್ನು ಮತ್ತೆ ಕಾರಿನೊಳಗೆ ಕೊಡಲು ನನಗೆ ಮನಸ್ಸೇ ಬರಲಿಲ್ಲ. ಮಗಳೇ ಮೆಲ್ಲ ಬಿಡಿಸಿಕೊಂಡಳು.

ಮನೆಗೆ ಬಂದಾಗ ಅತ್ತಿಗೆ ಗೇಟಿನಲ್ಲೇ ನಿಂತಿದ್ದರು. ನಾನು ಸ್ಕೂಟರ್ ನಿಲ್ಲಿಸುವಾಗಲೇ ಮಗಳ ಫೋನು ಬಂತು. ಸುಖವಾಗಿ ಮುಟ್ಟಿದೆವು, ಆರತಿ ಎತ್ತಿ ಒಳಗೆ ಕರೆದರು ಎಂದಳು.

"ಎದುರಿಂದ ನಿಲ್ಸಿದ್ಯಲ್ಲ?" ಅತ್ತಿಗೆ ಕೇಳಿದರು.

ಸುಳ್ಳು ಹೇಳಬಹುದಿತ್ತು. "ಇಲ್ಲ. ಹಿಂದಿನಿಂದಲೇ ಕರೆದೆ."

ಅವರು ಗೇಟಿನ ಸರಳು ಹಿಡಿದುಕೊಂಡರು. "ಕರೆದ್ರೂ ಮುಟ್ಟಿದ್ರಾ?"

"ಮುಟ್ಟಿದ್ರು."

"ಎಲ್ರೂ?"

"ಎಲ್ರೂ ಅತ್ತಿಗೆ."

ಅವರು ರಸ್ತೆಯ ಕಡೆಗೆ ತಿರುಗಿದರು. ನನ್ನ ಮುಖ ನೋಡದೆ ಕೇಳಿದರು: "ಹಾಗಾದ್ರೆ ಅವತ್ತು ಅವರು ಹೋದದ್ದು ನಾನು ಕರೆದದ್ದಕ್ಕೆ ಅಲ್ಲ ಅಂತಲಾ?"

ಅಲ್ಲ ಎನ್ನಬೇಕಿತ್ತು. ಅದೊಂದು ಮಾತಿಗಾಗಿ ಅವರು ಇಷ್ಟು ವರ್ಷ ಕಾದಿದ್ದರೆಂದು ನನಗೆ ಗೊತ್ತಾಯಿತು. ಆದರೆ ನಾನೂ ಹಿಂದಿನಿಂದ ಕರೆದಿದ್ದೆ, ಮಗು ಮರ್ಕಂಜದ ಮನೆಯಲ್ಲಿ ಇನ್ನೂ ಒಂದು ರಾತ್ರಿಯನ್ನೂ ಕಳೆದಿರಲಿಲ್ಲ. ಅಲ್ಲ ಎನ್ನಲು ನನಗೆ ಧೈರ್ಯ ಬರಲಿಲ್ಲ.