ಅತ್ತೆಯ ಬಾಗಿಲ ಮುಂದೆ ಮೂರು ಕಲ್ಲು

ಕಂಪ್ಲಿಯಿಂದ ಗಾಡಿ ಹೊರಟು ಸ್ವಲ್ಪ ದೂರವೂ ಬಂದಿರಲಿಲ್ಲ. ಕೂಸಿನ ಅರಿವೆ ಬದಲಿಸಲು ಬಿಚ್ಚಿದೆ.

ರಕ್ತ.

ಆ ಕೂಸು ನಿಮ್ಮ ಅವ್ವ. ಆಗ ಅವಳಿಗೆ ಎರಡು ವರ್ಷ ತುಂಬಿರಲಿಲ್ಲ. ನಿಮ್ಮ ಅಜ್ಜನಿಗೆ ಸಂಡೂರಿನ ಗುಡ್ಡದಲ್ಲಿ ಅದಿರು ತೂಗಿಸುವ ಕೆಲಸ ಸಿಕ್ಕಿತ್ತು. ಸಂಸಾರ ಸಮೇತ ಹೊರಟಿದ್ದೆವು. ಗಾಡಿಯನ್ನು ನೇರ ಹೊಸಪೇಟೆಯ ಆಸ್ಪತ್ರೆಗೆ ಹೊಡೆಸಿದೆವು.

ಡಾಕ್ಟರ್ ಹೊಟ್ಟೆ ಒತ್ತಿ ನೋಡಿದರು. "ಡಿಸೆಂಟ್ರಿ. ಮಿಕ್ಸ್ಚರ್ ಕೊಡ್ತೀನಿ. ನುಣ್ಣನ ಗಂಜಿ, ನೀರು ಮಜ್ಜಿಗಿ, ಕುದಿಸಿ ಆರಿಸಿದ ನೀರು. ಬ್ಯಾರೆ ಏನೂ ಕೊಡಬ್ಯಾಡ್ರಿ. ಇನ್ನೊಮ್ಮೆ ಹಿಂಗಾದ್ರ ಕೂಸು ತಡಕೊಳ್ಳೂದಿಲ್ಲ."

ನಿಮ್ಮ ಅಜ್ಜನ ಸೋದರತ್ತೆಯ ಮನೆ ಆ ಊರಿನಲ್ಲೇ ಇತ್ತು. ಅಲ್ಲಿ ಇಳಿದೆವು. ಅಣ್ಣನ ಮಗ ಬಂದನೆಂದು ಅತ್ತೆ ಹೋಳಿಗೆ ಮಾಡಿಸಿದ್ದರು. ನಾನು ಮೂಲೆಯಲ್ಲಿ ಕುಳಿತು ಗಂಜಿ ಕುಡಿಸುತ್ತಿದ್ದುದು ಅವರ ಕಣ್ಣಿಗೆ ಬಿತ್ತು.

"ಬರೀ ಗಂಜಿ ಕುಡಿಸ್ತೀಯಲ್ಲ, ನಮ್ಮನ್ಯಾಗ ಬರಗಾಲ ಬಿದ್ದೈತೇನು?"

"ಡಾಕ್ಟರು ಬ್ಯಾಡ ಅಂದಾರ್ರಿ, ಅತ್ತಿ."

"ಡಾಕ್ಟರು ಹಡದಾನೇನು ಎಂಟು ಮಂದೀನ? ನಾ ಹಡದೀನಿ."

ಎಲ್ಲರೂ ನಕ್ಕರು. ನಿಮ್ಮ ಅಜ್ಜನೂ ನಕ್ಕರು. ನಾನು ತಲೆ ಬಗ್ಗಿಸಿದೆ. ಅರಿವೆ ಒಗೆಯಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಕೂಸು ಅತ್ತೆಯ ತೊಡೆಯ ಮೇಲಿತ್ತು. ಗದ್ದದ ಮೇಲೆ ತುಪ್ಪ, ಬಾಯಿ ತುಂಬ ಹೂರಣ.

ಸಂಜೆಗೆ ಮತ್ತೆ ರಕ್ತ.

"ದಾರ್ಯಾಗ ಯಾವಳದೋ ಕಣ್ಣು ಬಿದ್ದೈತಿ" ಎಂದು ಅತ್ತೆ ದೃಷ್ಟಿ ತೆಗೆದರು. ಹೋಳಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಕಣ್ಣು ಬಿದ್ದಿತಂತೆ, ಗಾಳಿ ತಾಗಿತಂತೆ, ತಾಯಿಯ ಹಾಲು ಕೆಟ್ಟಿತ್ತಂತೆ. ನಾನು ಎತ್ತಲು ಹೋದರೆ "ಹಿರೇರು, ಸುಮ್ನಿರು" ಎಂದರು ನಿಮ್ಮ ಅಜ್ಜ. ದೊಡ್ಡವರ ಮನಸ್ಸು ನೋಯಬಾರದೆಂದು ಕೂಸಿನ ಕರುಳು ನೋಯಬೇಕೆ? ಮಾತನಾಡಲು ಬಾರದ ಜೀವಕ್ಕೆ ತುರುಕುವುದನ್ನು ಉಪಚಾರ ಎಂದು ಯಾರು ಕರೆದರೋ ನನಗೆ ಇಂದಿಗೂ ತಿಳಿಯದು.

ಬೆಳಗಾದ ಮೇಲೆ ಕೂಸನ್ನು ಮತ್ತೆ ಡಾಕ್ಟರಿಗೆ ತೋರಿಸಿದೆವು. ಅವರು ನನ್ನನ್ನೇ ಬೈದರು. ಬೈಸಿಕೊಂಡು ಬಂದವಳು ಅತ್ತೆಯ ಮನೆಯೊಳಗೆ ಹೋಗಲಿಲ್ಲ. ಬಾಗಿಲ ಮುಂದಿನ ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿದೆ. ಗಂಟಿನಿಂದ ಗಡಿಗೆ ತೆಗೆದು ಗಂಜಿಗಿಟ್ಟೆ. ಬಂಧುಗಳ ಬಾಗಿಲಲ್ಲಿ ಬೇರೆ ಒಲೆ ಹೂಡುವುದೆಂದರೆ ಸಂಬಂಧ ಹರಿಯಿತು ಎಂದು ಓಣಿಗೆಲ್ಲ ಸಾರಿದಂತೆ. ಅದು ಗೊತ್ತಿದ್ದೇ ಹೂಡಿದೆ.

ಅತ್ತೆ ಓಡಿ ಬಂದರು. "ನಾಕು ಮಂದಿ ಮುಂದ ನನ್ನ ಮಾನ ಕಳೀತೀಯೇನು?"

"ಮಾನ ನಿಮಗಿರಲಿ, ಅತ್ತಿ. ಕೂಸು ನನಗಿರಲಿ."

ಹಿರಿಯರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಎದುರು ಮನೆಯಾಕೆ ಕಟ್ಟೆಯಿಂದಲೇ ಕೇಳಿದಳು: "ಏನ್ರೀ, ಸೊಸಿ ಬ್ಯಾರೆ ಆದಳೇನು?"

"ಬ್ಯಾರೆ ಯಾಕಾಗ್ತಾಳ? ಕೂಸಿಗೆ ಪಥ್ಯ ಐತಿ. ಒಲಿ ಬ್ಯಾರೆನ ಇರಬೇಕಂತ ಡಾಕ್ಟರು ಹೇಳ್ಯಾರ" ಎಂದರು ಅತ್ತೆ.

ಡಾಕ್ಟರು ಹೇಳಿದ್ದಾರಂತೆ! ಓಣಿಗೆ ಹೇಳಲು ಬಂದ ಆ ಮಾತು ಹಿಂದಿನ ದಿನ ಹೋಳಿಗೆ ಮುರಿಯುವಾಗ ಎಲ್ಲಿ ಹೋಗಿತ್ತು? ಆದರೆ ಅಂದಿನಿಂದ ಅತ್ತೆಯೇ ಕಾವಲಾದರು. ಯಾರಾದರೂ ಬೆಲ್ಲದ ಚೂರು ಹಿಡಿದು ಬಂದರೆ ಕೈಗೆ ಹೊಡೆದು ಕಳಿಸುತ್ತಿದ್ದರು.

ರಕ್ತ ನಿಂತು, ಕೂಸು ಕತ್ತೆತ್ತಿ ನೋಡಲು ಶುರುಮಾಡಿದ ಮೇಲೆ ಸಂಡೂರಿಗೆ ಹೊರಟೆವು. ನಿಮ್ಮ ಅವ್ವ ಉಳಿದಳು, ನೀವೆಲ್ಲ ಹುಟ್ಟಿದಿರಿ. ಆ ಡಾಕ್ಟರ್ ತಣ್ಣಗಿರಲಿ. ಸಿಟ್ಟು ಮಾತ್ರ ನನ್ನಲ್ಲಿ ಇನ್ನೂ ಇದೆ. ಇರಲಿ ಎಂದೇ ಬಿಟ್ಟಿದ್ದೇನೆ.

ಗಾಡಿ ಹೊರಡುವಾಗ ಅತ್ತೆ, ಬಾಯಿಗೆ ಅರಿವೆ ಕಟ್ಟಿದ ನೀರಿನ ತಂಬಿಗೆಯೊಂದನ್ನು ನನ್ನ ಪಕ್ಕದಲ್ಲಿಟ್ಟರು. "ಕುದಿಸೀನಿ" ಎಂದರು.

ಊರು ದಾಟಿದ ಮೇಲೆ ನಾನು ಮೊದಲು ಒಂದು ಗುಟುಕು ಕುಡಿದೆ. ನೀರಿಗೆ ಹೊಗೆಯ ವಾಸನೆ ಇತ್ತು. ಆಮೇಲೆ ಕೂಸಿಗೆ ಕೊಟ್ಟೆ.