ಹಸಿರು ಚುಕ್ಕಿ ಶಾರದೆಯದಲ್ಲ

ಶಾರದೆಯ ಕೆಲಸ ಹೋದದ್ದು ನನ್ನಿಂದ. ಮೊಮ್ಮಕ್ಕಳೇ, ಇದನ್ನು ನಿಮ್ಮ ಅಮ್ಮನಿಗೂ ಹೇಳಿಲ್ಲ. ನಿಮಗೆ ಬರೆಯುತ್ತಿದ್ದೇನೆ — ಎದುರಿಗೆ ಕೂತು ಹೇಳಲು ಸಂಕೋಚ.

ಹೊಸ ವಿಮಾನ ನಿಲ್ದಾಣ ಶುರುವಾದ ಕಾಲ. ನಿಮ್ಮ ತಾತ ತೀರಿಕೊಂಡ ಮೇಲೆ, ಯಲಹಂಕದ ಹತ್ತಿರ ಗಾಡಿಗಳಿಗೆ ವೈರಿನ ಕಟ್ಟು ಮಾಡುವ ಕಾರ್ಖಾನೆಗೆ ಸೇರಿದ್ದೆ. ನಾನೂ ಶಾರದೆಯೂ ಅಕ್ಕಪಕ್ಕದ ಟೆಸ್ಟಿಂಗ್ ಬೋರ್ಡಿನಲ್ಲಿ. ಕಟ್ಟಿನ ತುದಿಗಳನ್ನು ಬೋರ್ಡಿಗೆ ಸಿಕ್ಕಿಸಿದರೆ, ಕರೆಂಟು ಸರಿಯಾಗಿ ಹರಿದಾಗ ದೀಪ ಹತ್ತುತ್ತದೆ. ಅಷ್ಟೇ ಸಾಲದು, ದೀಪ ಉರಿಯುತ್ತಿರುವಾಗಲೇ ಒಂದೊಂದು ವೈರನ್ನೂ ಹಿಡಿದು ಅಲ್ಲಾಡಿಸಬೇಕು. ಎಲ್ಲಾದರೂ ಸಡಿಲವಿದ್ದರೆ ದೀಪ ಮಿಣುಕುತ್ತದೆ. ಆಮೇಲೆ, ನೋಡಿದವರು ಯಾರೆಂದು ತಿಳಿಯಲು ಅವರವರ ಬಣ್ಣದ ಚುಕ್ಕಿ — ನನ್ನದು ಹಳದಿ, ಅವಳದು ಹಸಿರು.

ಒಂದು ಸಂಜೆ ನನ್ನ ಪೆನ್ನು ಒಣಗಿಹೋಯಿತು. "ನಂದೇ ಇಕ್ಕಕ್ಕಾ, ಹಸ್ರು ಇಕ್ಕಿದ್ರೆ ಕರೆಂಟ್ ಏನ್ ಕೋಪ ಮಾಡ್ಕೊಳ್ತದಾ?" ಎಂದು ನಕ್ಕು, ತನ್ನ ಪೆನ್ನು ಕೊಟ್ಟು ಶಾರದೆ ಹೊರಟಳು. ನನಗೆ ಪುಟ್ಟೇನಹಳ್ಳಿ ಬಸ್ಸು ತಪ್ಪೀತೆಂಬ ಅವಸರ. ಕೊನೆಯ ಪೆಟ್ಟಿಗೆಯ ಕಟ್ಟುಗಳನ್ನು ಅಲ್ಲಾಡಿಸಲಿಲ್ಲ. ದೀಪ ಹತ್ತಿತು, ಚುಕ್ಕಿ ಇಟ್ಟೆ.

ಕೆಲವು ವಾರಗಳ ಮೇಲೆ ಆ ಪೆಟ್ಟಿಗೆ ಗಾಡಿ ಕಂಪನಿಯಿಂದ ವಾಪಸು ಬಂತು. ಸೂಪರ್‌ವೈಸರ್ ಎಲ್ಲರೆದುರು ಒಂದು ಕಟ್ಟನ್ನು ಎತ್ತಿ ಹಿಡಿದರು — ಕಳಚಿದ ವೈರು ನೇತಾಡುತ್ತಿತ್ತು. "ಹಸಿರು ಯಾರದಮ್ಮಾ?"

"ನಂದೇ ಸಾರ್... ಕೈ ತಪ್ಪಿರ್ಬೇಕು."

ಪೆನ್ನು ಕೊಟ್ಟದ್ದು ಅವಳಿಗೆ ನೆನಪೇ ಇರಲಿಲ್ಲ. ನನಗಿತ್ತು. ನಾಲಿಗೆ ಏಳಲಿಲ್ಲ — ಇಲ್ಲ, ತಪ್ಪನ್ನು ನಾಲಿಗೆಯ ಮೇಲೆ ಹಾಕುವುದು ಬೇಡ. ನಾನೇ ಸುಮ್ಮನಿದ್ದೆ. ಅವಳನ್ನು ಅಂದೇ ಬಿಡಿಸಿದರು.

ಮರುದಿನ ಪಕ್ಕದ ಬೋರ್ಡಿಗೆ ಬೇರೆ ಹುಡುಗಿ ಬಂದಳು. ಊಟಕ್ಕೆ ಡಬ್ಬಿ ತೆರೆದಾಗ, ರೊಟ್ಟಿ ಮುರಿದು ಹೇಳದೆ ಕೇಳದೆ ನನ್ನ ಸಾರಿಗೆ ಅದ್ದುತ್ತಿದ್ದ ಆ ಕೈಗಾಗಿ ಕಾದೆ. ಈಗಲೂ, ಒಬ್ಬಳೇ ಉಣ್ಣುವಾಗ...

ಒಮ್ಮೆ ಯಲಹಂಕ ಬಸ್ ನಿಲ್ದಾಣದಲ್ಲಿ, "ಅಕ್ಕಾ! ನಾನ್ ಕಣಕ್ಕಾ, ಶಾರ್ದಾ!" ಎಂದು ಕೂಗಿದಳು. ಸೆರಗನ್ನು ಮುಖಕ್ಕೆಳೆದುಕೊಂಡು ಎದುರಿಗಿದ್ದ ಯಾವುದೋ ಬಸ್ಸು ಹತ್ತಿಬಿಟ್ಟೆ. ಆ ಕೂಗು ಇನ್ನೊಂದು ಸಲ ಕಿವಿಗೆ ಬಿದ್ದೀತೆಂಬ ಆಸೆಯಿಂದ ಆಮೇಲೆ ಎಷ್ಟೋ ಸಂಜೆ ಅಲ್ಲಿಗೆ ಹೋಗಿ ಸುಮ್ಮನೆ ನಿಂತಿದ್ದೇನೆ.

ಸೋಲದೇವನಹಳ್ಳಿಯಲ್ಲಿದ್ದಾಳಂತೆ. ಈ ಭಾನುವಾರ ಹೋಗುತ್ತೇನೆ. ಅವಳೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳುವುದಿಲ್ಲ. ಅವಳು ತಲೆ ತಗ್ಗಿಸಿದ್ದು ಎಲ್ಲರೆದುರು. ನಾನೂ ಅವಳ ಗಂಡ, ಮಕ್ಕಳು, ಸೊಸೆ ಎಲ್ಲರ ಎದುರಿಗೇ ಹೇಳಬೇಕು. ಒಳಗೆ ಕರೆಯದಿದ್ದರೆ, ಬಾಗಿಲಲ್ಲೇ ನಿಂತು.